ಮುಳುಗುಗಾರನ ಕವಾಟ: ಒಂದು ಚಾರಿತ್ರಿಕ ವಿವೇಚನೆ

ನೀರಿನಾಳಕ್ಕೆ ಇಳಿಯುವ ವಿದ್ಯೆಯ ಚರಿತ್ರೆಯು ಸಾಮಾನ್ಯವಾಗಿ ಆಳದ ಚರಿತ್ರೆಯಾಗಿಯೇ ನಮಗೆ ದೊರೆಯುತ್ತದೆ. ಯಾರು ಎಷ್ಟು ಮಾರು ಇಳಿದರು, ಯಾವ ಮುಳುಗಿದ ಹಡಗನ್ನು ಮುಟ್ಟಿ ಬಂದರು ಎಂಬ ವಿವರಗಳಿಗೆ ಅದರಲ್ಲಿ ಕೊರತೆಯಿಲ್ಲ. ಈ ಲೇಖನದಲ್ಲಿ ನಾವು ಎತ್ತಿಕೊಂಡಿರುವ ಪ್ರಶ್ನೆ ಬೇರೆ. ಮುಳುಗುಗಾರನು ಉಸಿರಾಡುವ ವಾಯುವನ್ನು ಬಿಡುವ ಮತ್ತು ತಡೆಯುವ ಕವಾಟವು, ಎಂದರೆ ವಾಲ್ವು, ಯಾವ ಯಾವ ಕಾಲದಲ್ಲಿ ಯಾರ ಕೈಯಲ್ಲಿದ್ದಿತು? ಇಂದು ಟೆಕ್ನಿಕಲ್ ಡೈವಿಂಗ್ ಎನಿಸಿಕೊಂಡಿರುವ ಕಠಿನ ವಿದ್ಯೆಯಲ್ಲಿ ಮುಳುಗುಗಾರನು ಬೆನ್ನಿನ ಜೋಡಿ ಸಿಲಿಂಡರುಗಳಲ್ಲದೆ ಪಕ್ಕದಲ್ಲಿ ಇನ್ನೆರಡು ಮೂರು ಸಿಲಿಂಡರುಗಳನ್ನು ತೂಗಿಕೊಂಡು ಇಳಿಯುತ್ತಾನೆ. ಒಂದೊಂದರಲ್ಲಿಯೂ ಒಂದೊಂದು ವಾಯುಮಿಶ್ರಣ. 6 ಮೀಟರಿನಲ್ಲಿ ಅವನನ್ನು ಕಾಪಾಡುವ ಶುದ್ಧ ಆಮ್ಲಜನಕವೇ 60 ಮೀಟರಿನಲ್ಲಿ ಅವನನ್ನು ಕೊಲ್ಲಬಲ್ಲುದು. ಆದುದರಿಂದ ಯಾವ ಕವಾಟವನ್ನು ಎಲ್ಲಿ ತೆರೆಯಬೇಕು, ಯಾವುದನ್ನು ಮುಚ್ಚಿರಬೇಕು ಎಂಬ ನಿಯಮವು ಇಲ್ಲಿ ಜೀವನ್ಮರಣದ ವಿಷಯ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಹೊಣೆ ಬಹುಮಟ್ಟಿಗೆ ನೀರಿನ ಮೇಲಿದ್ದವರದು. ಆಗಸ್ಟಸ್ ಸೀಬೆಯ ಮುಚ್ಚಿದ ಉಡುಪನ್ನು ತೊಟ್ಟು 1839ರಿಂದ 1843ರವರೆಗೆ ‘ರಾಯಲ್ ಜಾರ್ಜ್’ ಹಡಗಿನ ಅವಶೇಷಗಳ ಮೇಲೆ ದುಡಿದ ಮುಳುಗುಗಾರರಿಗೆ ಗಾಳಿಯನ್ನು ಒದಗಿಸುತ್ತಿದ್ದುದು ಮೇಲಿನ ಪಂಪು ಮತ್ತು ಅದನ್ನು ತಿರುಗಿಸುವ ಆಳುಗಳು. ಕಾಲಕ್ರಮದಲ್ಲಿ ಶಿರಸ್ತ್ರಾಣದಲ್ಲಿ ಎರಡು ಕವಾಟಗಳು ನೆಲೆಗೊಂಡವು. ಗಾಳಿಯನ್ನು ಹೊರಬಿಡುವುದು ಒಂದು; ಕೊಳವೆ ಹರಿದರೆ ಒಳಗಿನ ಗಾಳಿ ಹಿಂದಕ್ಕೆ ನುಗ್ಗದಂತೆ ತಾನಾಗಿ ಮುಚ್ಚಿಕೊಳ್ಳುವುದು ಇನ್ನೊಂದು. ಈ ಎರಡನೆಯದು ಇಲ್ಲದಿದ್ದ ಪಕ್ಷದಲ್ಲಿ ನೀರಿನ ಒತ್ತಡವು ಮನುಷ್ಯನನ್ನು ಅವನ ಶಿರಸ್ತ್ರಾಣದೊಳಕ್ಕೇ ಹಿಂಡಿಬಿಡುತ್ತಿದ್ದಿತು.

1878ರಲ್ಲಿ ಪಾಲ್ ಬೆರ್ ಎಂಬ ಫ್ರೆಂಚ್ ಶರೀರವಿಜ್ಞಾನಿಯು ವಾಯುವಿನ ಒತ್ತಡವನ್ನು ಕುರಿತ ತನ್ನ ಮಹಾಗ್ರಂಥದಲ್ಲಿ ಎರಡು ಸಂಗತಿಗಳನ್ನು ಸ್ಥಾಪಿಸಿದನು. ಬೇಗನೆ ಮೇಲೆ ಬಂದವರ ದೇಹದಲ್ಲಿ ಸಾರಜನಕವು ಗುಳ್ಳೆಗಳಾಗಿ ಬಿಡುಗಡೆಯಾಗಿ ಕೇಡು ಮಾಡುತ್ತದೆಂಬುದು ಮೊದಲನೆಯದು. ಹೆಚ್ಚಿನ ಒತ್ತಡದಲ್ಲಿ ಆಮ್ಲಜನಕವೇ ವಿಷವಾಗಿ ಸೆಳವುಗಳನ್ನುಂಟುಮಾಡುತ್ತದೆಂಬುದು ಎರಡನೆಯದು. ನಾವು ವಿವೇಚಿಸುತ್ತಿರುವ ಇಡೀ ಸಮಸ್ಯೆಯು ಈ ಎರಡು ಸತ್ಯಗಳ ನಡುವೆ ಸಿಕ್ಕಿಕೊಂಡಿದೆ. 1908ರಲ್ಲಿ ಜೆ. ಎಸ್. ಹಾಲ್ಡೇನ್, ಬಾಯ್ಕಾಟ್ ಮತ್ತು ಡ್ಯಾಮಂಟ್ ಎಂಬುವರು, ಆಡುಗಳ ಮೇಲೆ ನಡೆಸಿದ ಪ್ರಯೋಗಗಳನ್ನು ಆಧರಿಸಿ, ಹಂತಹಂತವಾಗಿ ನಿಂತು ಮೇಲೇರುವ ಕ್ರಮವನ್ನು ಪ್ರಕಟಿಸಿದರು. ಅದಕ್ಕೆ ಎರಡು ವರ್ಷ ಮೊದಲೇ ಡ್ಯಾಮಂಟ್ ಮತ್ತು ಕ್ಯಾಟೊ ಸ್ಕಾಟ್ಲೆಂಡಿನಲ್ಲಿ 210 ಅಡಿ ಆಳಕ್ಕೆ ಇಳಿದು ಕ್ಷೇಮವಾಗಿ ಬಂದಿದ್ದರು. ‘ಸ್ಟೇಜ್’ ಎಂಬ ಮಾತಿನ ವಿಷಯದಲ್ಲಿ ಓದುಗರು ಎಚ್ಚರದಿಂದಿರಬೇಕು. ಹಾಲ್ಡೇನನ ‘ಸ್ಟೇಜ್’ ಮೇಲೇರುವಾಗಿನ ತಂಗು. ಇಂದಿನ ‘ಸ್ಟೇಜ್ ಸಿಲಿಂಡರು’ ದಾರಿಯಲ್ಲಿ ಇಟ್ಟುಹೋಗುವ ಬುತ್ತಿ. ಹಾಲ್ಡೇನನ ಕ್ರಮದಲ್ಲಿಯೂ ಗಡಿಯಾರವನ್ನು ನೋಡುತ್ತಿದ್ದವರು, ಹಗ್ಗ ಜಗ್ಗಿ ಆಜ್ಞೆ ಕೊಡುತ್ತಿದ್ದವರು ಮೇಲಿನವರೇ.

1943ರಲ್ಲಿ ಕುಸ್ತೊ ಮತ್ತು ಗಾನ್ಯಾನ್ ಅವರ ರೆಗ್ಯುಲೇಟರು ಸಿದ್ಧವಾದ ಮೇಲೆ ಹಗ್ಗವೂ ಕೊಳವೆಯೂ ಕಳಚಿಬಿದ್ದವು. ಆಜ್ಞೆ ಕೊಡುವವರೂ ಇಲ್ಲವಾದರು. ಸಿಲಿಂಡರಿನಲ್ಲಿ ಉಳಿದ ಗಾಳಿ ಎಷ್ಟೆಂದು ಹೇಳುವವರು ಯಾರು? ಇದಕ್ಕೆ ಮೊದಲು ದೊರೆತ ಉತ್ತರ ‘ಜೆ’ ಕವಾಟ. ಒತ್ತಡವು ಸುಮಾರು 20 ಬಾರ್‌ಗೆ ಇಳಿದಾಗ ಒಳಗಿನ ಸ್ಪ್ರಿಂಗು ವಾಯುವನ್ನು ತಡೆಯುತ್ತದೆ, ಉಸಿರು ಬಿಗಿಯುತ್ತದೆ, ಆಗ ಸರಳನ್ನು ಎಳೆದರೆ ಮೀಸಲು ವಾಯು ಬರುತ್ತದೆ. (ಯು. ಎಸ್. ಡೈವರ್ಸ್ ಸಂಸ್ಥೆಯ ಬೆಲೆಪಟ್ಟಿಯಲ್ಲಿದ್ದ ಅಕ್ಷರವೇ ಈ ಹೆಸರಿಗೆ ಮೂಲ. ಮೀಸಲಿಲ್ಲದ ಸಾದಾ ಕವಾಟಕ್ಕೆ ಅದೇ ಪಟ್ಟಿಯಿಂದ ‘ಕೆ’ ಎಂಬ ಹೆಸರು ಬಂದಿತು.) ಜಾಣತನದ ಯಂತ್ರವೇನೋ ಹೌದು. ಆದರೆ ಆ ಸರಳು ಯಾವುದಕ್ಕಾದರೂ ತಗುಲಿ ಮೊದಲೇ ಇಳಿದಿದ್ದರೆ ಮೀಸಲು ಆಗಲೇ ವೆಚ್ಚವಾಗಿರುತ್ತಿದ್ದಿತು. ಅದು ಎಳೆದವನಿಗೆ ತಿಳಿಯುತ್ತಿದ್ದುದು ಉಸಿರು ಬಾರದೆ ಹೋದಾಗಲೇ. ಮುಂದೆ ಒತ್ತಡಮಾಪಕವು ಬಳಕೆಗೆ ಬಂದು ಈ ಕವಾಟವು ಹಿಂದೆ ಸರಿಯಿತು. ಯಂತ್ರವು ವಹಿಸಿಕೊಂಡಿದ್ದ ನಿರ್ಧಾರವು ಹೀಗೆ ಮನುಷ್ಯನ ಕಣ್ಣಿಗೆ ಬಂದಿತು.

ಬುತ್ತಿಯ ಸಿಲಿಂಡರು ಬೆಳೆದುದು ಮುಖ್ಯವಾಗಿ ಫ್ಲಾರಿಡಾದ ನೀರುತುಂಬಿದ ಗುಹೆಗಳಲ್ಲಿ. ತಲೆಯ ಮೇಲೆ ಬಂಡೆಯಿರುವ ಸ್ಥಳದಲ್ಲಿ ನೇರವಾಗಿ ಮೇಲೇರುವ ಮಾರ್ಗವಿಲ್ಲ. ಬಂದ ದಾರಿಯಲ್ಲಿಯೇ ಹಿಂತಿರುಗಬೇಕು. ಶೆಕ್ ಎಕ್ಸ್‌ಲಿ 1979ರಲ್ಲಿ ಪ್ರಕಟಿಸಿದ ಕಿರುಹೊತ್ತಗೆಯು ಸತ್ತವರ ಅಪಘಾತಗಳನ್ನೇ ಪರಿಶೀಲಿಸಿ ನಿಯಮಗಳನ್ನು ಹೊರತೆಗೆಯಿತು. ಹೊರಬಾಗಿಲಿನವರೆಗೆ ಎಡೆಬಿಡದ ಮಾರ್ಗದರ್ಶಿ ಹುರಿ, ವಾಯುವಿನ ಮೂರನೆಯ ಒಂದು ಭಾಗ ಹೋಗಲು, ಒಂದು ಭಾಗ ಬರಲು, ಒಂದು ಭಾಗ ಮೀಸಲು ಎಂಬಿವು ಆ ನಿಯಮಗಳಲ್ಲಿ ಮುಖ್ಯವಾದವು. ಚರಿತ್ರಕಾರನು ದಾಖಲೆಗಳಿಂದ ಕಾರಣಗಳನ್ನು ಹುಡುಕುವಂತೆಯೇ ಎಕ್ಸ್‌ಲಿ ಮಾಡಿದುದರಿಂದ ಆ ಹೊತ್ತಗೆಯು ನಮ್ಮ ವೃತ್ತಿಯವರಿಗೂ ಆಸಕ್ತಿಕರ. ಆತನು 1994ರಲ್ಲಿ ಮೆಕ್ಸಿಕೊದ ಸಕತೋನ್ ಕುಳಿಯಲ್ಲಿ ಮಡಿದನು. ದೂರದ ಸುರಂಗಗಳಿಗೆ ಹೋಗುವವರು ಒಂದು ಸಿಲಿಂಡರನ್ನು ಸ್ವಲ್ಪ ದೂರ ಉಸಿರಾಡಿ, ಹುರಿಗೆ ಸಿಕ್ಕಿಸಿ, ಕವಾಟ ಮುಚ್ಚಿ ಮುಂದೆ ಹೋಗುವರು. ತೆರೆದೇ ಬಿಟ್ಟರೆ ಬಾಯಿತುಂಡಿನಿಂದ ವಾಯುವು ತಾನಾಗಿ ಸೋರಿ, ಹಿಂತಿರುಗುವಾಗ ಬರಿದಾದ ಸಿಲಿಂಡರು ಕಾದಿರಬಹುದು.

1990ರ ದಶಕದ ಆರಂಭದಲ್ಲಿ ಮೈಕೆಲ್ ಮೆಂಡೂನೋ ತನ್ನ ‘ಅಕ್ವಾಕೋರ್’ ಪತ್ರಿಕೆಯ ಮೂಲಕ ‘ಟೆಕ್ನಿಕಲ್ ಡೈವಿಂಗ್’ ಎಂಬ ಹೆಸರನ್ನು ರೂಢಿಗೆ ತಂದನು. ಆ ವೇಳೆಗೆ ಸಮಸ್ಯೆಯ ಸ್ವರೂಪವೇ ಬದಲಾಗಿದ್ದಿತು. ಆಳದಲ್ಲಿ ಹೀಲಿಯಂ ಬೆರೆತ ವಾಯು, 21 ಮೀಟರಿನಿಂದ ಮೇಲಕ್ಕೆ ಅರ್ಧ ಆಮ್ಲಜನಕದ ಮಿಶ್ರಣ, 6 ಮೀಟರಿನಲ್ಲಿ ಶುದ್ಧ ಆಮ್ಲಜನಕ ಎಂಬ ಕ್ರಮವು ಬಂದಿತು. ಲೆಕ್ಕವು ಸರಳ. 21 ಮೀಟರಿನಲ್ಲಿ ಒಟ್ಟು ಒತ್ತಡ 3.1 ಬಾರ್, ಅದರಲ್ಲಿ ಅರ್ಧ 1.55. 6 ಮೀಟರಿನಲ್ಲಿ ಶುದ್ಧ ಆಮ್ಲಜನಕದ ಒತ್ತಡ 1.6, ತಂಗುಗಳಲ್ಲಿ ಒಪ್ಪಿಕೊಂಡಿರುವ ಎಲ್ಲೆ ಅದೇ. ಅದೇ ಆಮ್ಲಜನಕವನ್ನು 50 ಮೀಟರಿನಲ್ಲಿ ಉಸಿರಾಡಿದರೆ ಒತ್ತಡವು 6 ಬಾರ್. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ನೌಕಾಪಡೆಗಾಗಿ ಕೆನೆತ್ ಡೊನಾಲ್ಡ್ ನಡೆಸಿ 1947ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ, ಆಮ್ಲಜನಕವನ್ನು ತಾಳುವ ಶಕ್ತಿಯು ಒಬ್ಬರಿಂದ ಒಬ್ಬರಿಗೆ ಮಾತ್ರವಲ್ಲ, ಒಬ್ಬನಲ್ಲಿಯೇ ದಿನದಿಂದ ದಿನಕ್ಕೆ ವ್ಯತ್ಯಾಸವಾಗುವುದೆಂದು ತಿಳಿದುಬಂದಿದ್ದಿತು. ಸೆಳವು ಬಂದವನ ಬಾಯಿಂದ ಉಸಿರುತುಂಡು ಜಾರಿದರೆ ಅವನು ನೀರಿನಲ್ಲಿ ಮುಳುಗಿ ಸಾಯುತ್ತಾನೆ.

ಇಂತಹ ಸಿಲಿಂಡರಿನ ಕವಾಟವನ್ನು ತೆರೆದಿಡಬೇಕೋ ಮುಚ್ಚಿಡಬೇಕೋ? ತೆರೆದಿಟ್ಟರೆ ಸೋರಿಕೆಯ ಭಯ. ತಪ್ಪಾದ ಬಾಯಿತುಂಡು ಉಸಿರಿಗೆ ಸಿದ್ಧವಾಗಿರುವ ಭಯ. ಒತ್ತಡವಿಲ್ಲದೆ ಮುಚ್ಚಿಟ್ಟರೆ ರೆಗ್ಯುಲೇಟರಿನೊಳಕ್ಕೆ ನೀರು ಸೇರಬಹುದು. ಮಾಪಕವೂ ಸೊನ್ನೆಯನ್ನೇ ತೋರುತ್ತದೆ. ಇದಕ್ಕೆ ಅನುಭವದಿಂದ ಮೂಡಿದ ಮಧ್ಯಮಾರ್ಗವೆಂದರೆ ಮೇಲೆಯೇ ಕವಾಟವನ್ನು ತೆರೆದು ಕೊಳವೆಗೆ ಒತ್ತಡ ತುಂಬಿ, ಒಡನೆಯೇ ಮುಚ್ಚುವುದು. ಮಾಪಕದ ಮುಳ್ಳು ನಿಂತಲ್ಲಿಯೇ ನಿಲ್ಲುತ್ತದೆ. ಇಳಿದರೆ ಸೋರಿಕೆಯಿದೆಯೆಂದರ್ಥ, ಮತ್ತೆ ತುಂಬಬೇಕು. ಮರೆತು ಆ ತುಂಡನ್ನು ಬಾಯಿಗಿಟ್ಟವನಿಗೆ ಒಂದೆರಡು ಉಸಿರಿನಲ್ಲಿಯೇ ವಾಯು ನಿಂತುಹೋಗುತ್ತದೆ. ಆ ತಡೆಯೇ ಎಚ್ಚರಿಕೆ. ಈ ಪದ್ಧತಿಯೇ ಉತ್ತಮವೆಂದು ನಮ್ಮ ಮತ. ಆದರೂ ಅದು ನಿರ್ದುಷ್ಟವಲ್ಲ. ಕೊಳವೆಯಲ್ಲಿ ಹಿಡಿದಿಟ್ಟ 9–10 ಬಾರ್ ಒತ್ತಡಕ್ಕೆ ಹೊರಗಿನ ನೀರಿನ ಒತ್ತಡವು 90–100 ಮೀಟರಿನ ಆಸುಪಾಸಿನಲ್ಲಿ ಸಮನಾಗುವುದರಿಂದ, ಅಷ್ಟು ಆಳಕ್ಕೆ ಹೋಗುವವರು ದಾರಿಯಲ್ಲಿ ಪುನಃ ತುಂಬಿಕೊಳ್ಳಬೇಕಾಗುತ್ತದೆ.

ಸಿಲಿಂಡರುಗಳನ್ನು ಗುರುತಿಸುವ ಬಗೆಯಲ್ಲಿ ಪಂಥಗಳೇ ಹುಟ್ಟಿದವು. ಬಣ್ಣದ ಬಾಯಿತುಂಡುಗಳನ್ನು ನಂಬಿದವರುಂಟು. ಆಮ್ಲಜನಕ ಹೆಚ್ಚಿರುವುದು ಬಲಕ್ಕೆ, ಕಡಮೆಯಿರುವುದು ಎಡಕ್ಕೆ ಎಂದವರುಂಟು. ವುಡ್‌ವಿಲ್ ಕಾರ್ಸ್ಟ್ ಬಯಲಿನ ಗುಹೆಗಳನ್ನು ಶೋಧಿಸುತ್ತಿದ್ದ ತಂಡವು ಇವೆರಡನ್ನೂ ತಳ್ಳಿಹಾಕಿತು. ಅವರ ಕ್ರಮದಲ್ಲಿ ಎಲ್ಲ ಸಿಲಿಂಡರುಗಳೂ ಎಡಕ್ಕೇ. ಮೈಮೇಲೆ ಆ ವಾಯುವನ್ನು ಉಸಿರಾಡಬಹುದಾದ ಪರಮಾವಧಿ ಆಳ ಮಾತ್ರ ದೊಡ್ಡ ಅಂಕೆಗಳಲ್ಲಿ. ಬಣ್ಣವು ಆಳದಲ್ಲಿ ಮಾಸುತ್ತದೆ, ಕತ್ತಲಲ್ಲಿ ಎಡಬಲ ಮರೆಯುತ್ತದೆ. ಅಂಕೆಯನ್ನಾದರೆ ಜೊತೆಗಾರನೂ ಓದಬಲ್ಲನು. ವಾಯುವನ್ನು ಬದಲಾಯಿಸುವವನು ಮೊದಲು ತನ್ನ ಆಳವನ್ನು ನೋಡಿ, ಅಂಕೆಯನ್ನು ಜೊತೆಗಾರನಿಗೆ ತೋರಿಸಿ, ಬಾಯಿತುಂಡನ್ನು ಬಿಡಿಸಿ, ಕವಾಟವನ್ನು ತೆರೆಯುತ್ತಾನೆ. ಜೊತೆಗಾರನು ಆ ಕವಾಟದಿಂದ ಬಾಯಿಯವರೆಗೆ ಕೊಳವೆಯನ್ನು ಕಣ್ಣಿನಿಂದ ಹಿಂಬಾಲಿಸಿ ಒಪ್ಪಿಗೆ ಸೂಚಿಸಿದ ಮೇಲೆಯೇ ಮೊದಲ ಉಸಿರು. ಮೇಲಿನ ದೋಣಿಯವರಿಂದ ಒಬ್ಬನೇ ಮನುಷ್ಯನ ಕೈಗೆ ಬಂದಿದ್ದ ಕವಾಟಕ್ಕೆ ಹೀಗೆ ಮತ್ತೊಬ್ಬ ಸಾಕ್ಷಿ ದೊರೆತನು. ಈ ಸಲ ಅವನಿರುವುದು ಅದೇ ಆಳದಲ್ಲಿ, ಅದೇ ಅಪಾಯದಲ್ಲಿ.

ಇನ್ನೊಂದು ಸಣ್ಣ ವಿಷಯ ಉಳಿದಿದೆ. ಕವಾಟವನ್ನು ಪೂರ್ತಿ ತೆರೆದ ಮೇಲೆ ಕಾಲುಸುತ್ತು ಹಿಂದಕ್ಕೆ ತಿರುಗಿಸಬೇಕೆಂದು ಹಿಂದಿನ ಬೋಧಕರು ಕಲಿಸುತ್ತಿದ್ದರು. ದಿಕ್ಕು ತಪ್ಪಿದ ಕೈಯು ಪೂರ್ತಿ ಮುಚ್ಚಿ ಕಾಲುಸುತ್ತು ತೆರೆದರೂ ಮೇಲ್ಮೈಯಲ್ಲಿ ಉಸಿರು ಸಲೀಸಾಗಿಯೇ ಬರುವುದು. ಆಳದಲ್ಲಿ ವಾಯುವು ಸಾಂದ್ರವಾದಾಗ ಸಾಲದೆ ಹೋಗುವುದು. ಆದುದರಿಂದ ಈಗ ಅನೇಕರು ಪೂರ್ತಿ ತೆರೆಯುವುದು ಇಲ್ಲವೆ ಪೂರ್ತಿ ಮುಚ್ಚುವುದು ಎಂಬ ಎರಡೇ ಸ್ಥಿತಿಗಳನ್ನು ಒಪ್ಪುತ್ತಾರೆ. ಉಸಿರೆಳೆಯುತ್ತ ಮಾಪಕವನ್ನು ನೋಡುತ್ತಾರೆ. ಪ್ರತಿ ಉಸಿರಿಗೂ ಮುಳ್ಳು ಕುಸಿದು ಏಳುತ್ತಿದ್ದರೆ ಕವಾಟವು ಅರೆಬರೆ ತೆರೆದಿದೆಯೆಂದು ತಿಳಿಯುತ್ತಾರೆ.