ಹಾರಲು ಕಲಿಸಿದ ಊರುಗಳು

ಸಾತನೂರು ಕಡೆಯ ಮನೆಯೊಂದರಲ್ಲಿ ಮಗಳು ಡಾಕ್ಟರಾಗುತ್ತೇನೆ ಎಂದರೆ, ಮಗ ಎಂಜಿನಿಯರಿಂಗ್ ಓದುತ್ತೇನೆ ಎಂದರೆ, ಯಾರನ್ನು ಕೇಳಬೇಕು, ಎಷ್ಟು ದುಡ್ಡು ಹೊಂದಿಸಬೇಕು ಎಂಬುದು ಒಂದೆರಡು ದಿನದಲ್ಲಿ ಗೊತ್ತಾಗಿಬಿಡುತ್ತದೆ. ಕನಕಪುರದಲ್ಲೋ ರಾಮನಗರದಲ್ಲೋ ಆ ದಾರಿಯಲ್ಲಿ ಹೋಗಿ ಬಂದವರು ಸಿಕ್ಕೇ ಸಿಗುತ್ತಾರೆ. ಅದೇ ಮಕ್ಕಳು ಪೈಲಟ್ ಆಗಬೇಕೆಂದರೆ ಮನೆಯವರಿಗೆ ದಾರಿ ಹೇಳಲು ಜಾಹೀರಾತು ಬಿಟ್ಟರೆ ಬೇರೇನೂ ಇರುವುದಿಲ್ಲ. ಖರ್ಚು ಅರ್ಧ ಕೋಟಿ ರೂಪಾಯಿಯ ಆಸುಪಾಸು. ರೇಷ್ಮೆಗೂಡನ್ನು ರಾಮನಗರದ ಮಾರುಕಟ್ಟೆಗೆ ಹಾಕಿ ಬದುಕುವ ಕುಟುಂಬಕ್ಕೆ ಅದು ಹಿಪ್ಪುನೇರಳೆ ಬೆಳೆಯುವ ಜಮೀನನ್ನೇ ಅಡವಿಡುವ ಮಾತು. ಅಷ್ಟು ದೊಡ್ಡ ತೀರ್ಮಾನ ಮಾಡುವವರಿಗೆ ಈ ಕಸುಬನ್ನು ಕಲಿಸಿದ ಶಾಲೆಗಳ ಹಿಂದಿನ ಕತೆ ಗೊತ್ತಿರಬೇಕು. ಆ ಕತೆಯ ಮುಖ್ಯ ಭಾಗ ನಡೆದದ್ದು ಸಾತನೂರಿನಿಂದ ನೂರು ಕಿಲೋಮೀಟರಿನೊಳಗೆ, ಬೆಂಗಳೂರಿನ ಉತ್ತರ ಅಂಚಿನ ಜಕ್ಕೂರಿನಲ್ಲಿ.

ಭಾರತದಲ್ಲಿ ಹಾರಾಟ ಕಲಿಸಲು ಮೊದಲಾದದ್ದು ಕ್ಲಬ್ಬುಗಳು. ದೆಹಲಿ ಮತ್ತು ಬೊಂಬಾಯಿಯ ಫ್ಲೈಯಿಂಗ್ ಕ್ಲಬ್ಬುಗಳು 1928ರಲ್ಲಿ ಶುರುವಾದವು. ಮದರಾಸಿನದು ಅದರ ಬೆನ್ನಿಗೇ ಬಂತು. ಬೊಂಬಾಯಿಯಲ್ಲಿ ಕಲಿತ ಜೆ.ಆರ್.ಡಿ. ಟಾಟಾ ಅವರಿಗೆ 1929ರ ಫೆಬ್ರುವರಿಯಲ್ಲಿ ದೇಶದ ಮೊದಲ ಲೈಸೆನ್ಸ್ ಸಿಕ್ಕಿತು. ಆಗ ವಿಮಾನ ಕಲಿಯುವುದು ಶ್ರೀಮಂತರ ಹವ್ಯಾಸವಾಗಿತ್ತು, ಹೊಟ್ಟೆಪಾಡಿನ ಕಸುಬಾಗಿರಲಿಲ್ಲ. 1932ರ ಅಕ್ಟೋಬರ್ 15ರಂದು ಟಾಟಾ ಅವರು ಕರಾಚಿಯಿಂದ ಬೊಂಬಾಯಿಗೆ ಅಂಚೆ ಚೀಲ ಹೊತ್ತು ಹಾರಿದ ಮೇಲೆಯೇ ವಿಮಾನ ನಡೆಸಿ ಸಂಬಳ ಪಡೆಯುವ ದಾರಿಯೊಂದು ಇಲ್ಲಿನವರಿಗೆ ಕಾಣತೊಡಗಿದ್ದು.

ಮೈಸೂರು ಸೀಮೆಯ ದಾರಿ ಇದಕ್ಕಿಂತ ಬೇರೆ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ (ಎಚ್‌ಎಎಲ್) ಕಾರ್ಖಾನೆ ಕಟ್ಟಿದರು. ಹಾರಾಟದ ಶಾಲೆಗಿಂತ ಮೊದಲು ಇಲ್ಲಿಗೆ ಬಂದದ್ದು ವಿಮಾನದ ಕಾರ್ಖಾನೆ, ಅದರ ಮೆಕ್ಯಾನಿಕ್ಕುಗಳು, ಅದರ ರನ್‌ವೇ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಸರ್ಕಾರವೇ ಒಂದು ಹಾರಾಟ ತರಬೇತಿ ಶಾಲೆ ತೆರೆಯಿತು. ಶುರುವಿನ ದಿನಗಳಲ್ಲಿ ಅದು ಜೀವನಹಳ್ಳಿಯಲ್ಲಿತ್ತು. ಮುಂದೆ ಮೈಸೂರು ಮಹಾರಾಜರು ಕೊಟ್ಟ ಜಕ್ಕೂರಿನ ಇನ್ನೂರಕ್ಕೂ ಹೆಚ್ಚು ಎಕರೆ ನೆಲವೇ ಅದರ ವಿಳಾಸವಾಯಿತು. ಶಾಲೆಯ ಮುಖ್ಯಸ್ಥರಾಗಿದ್ದವರು ಕ್ಯಾಪ್ಟನ್ ವಿ. ಸುಂದರಂ, ಮಹಾರಾಜರ ವಿಮಾನ ನಡೆಸುತ್ತಿದ್ದ ಪೈಲಟ್.

ಆ ಶಾಲೆಯಿಂದ 1949ರಲ್ಲಿ ಮೊದಲು ತೇರ್ಗಡೆಯಾಗಿ ಬಂದವರು ಒಬ್ಬ ಹೆಣ್ಣುಮಗಳು, ಸುಂದರಂ ಅವರ ಪತ್ನಿ ಉಷಾ ಸುಂದರಂ. ಸಂಸ್ಥಾನಗಳನ್ನು ಒಕ್ಕೂಟಕ್ಕೆ ಸೇರಿಸುವ ಕೆಲಸದಲ್ಲಿ ಸರ್ದಾರ್ ಪಟೇಲರು ದೇಶ ಸುತ್ತುತ್ತಿದ್ದ ಕಾಲದಲ್ಲಿ ಅವರನ್ನು ಕರೆದೊಯ್ದ ವಿಮಾನದ ಕಾಕ್‌ಪಿಟ್ಟಿನಲ್ಲಿ ಈ ದಂಪತಿ ಇದ್ದರು. 1951ರಲ್ಲಿ ಇಂಗ್ಲೆಂಡಿನಿಂದ ಡಿ ಹ್ಯಾವಿಲೆಂಡ್ ಡವ್ ವಿಮಾನವೊಂದನ್ನು ಇಬ್ಬರೂ ಸೇರಿ 27 ಗಂಟೆಗಳಲ್ಲಿ ಬೊಂಬಾಯಿಗೆ ತಂದರು. ಬೆಂಗಳೂರಿನ ಸರ್ಕಾರಿ ಶಾಲೆಯ ದಾಖಲೆ ಪುಸ್ತಕ ಒಬ್ಬ ಮಹಿಳೆಯ ಹೆಸರಿನಿಂದ ಮೊದಲಾಗುತ್ತದೆ ಎಂಬುದನ್ನು ನಾಡು ಇನ್ನಷ್ಟು ನೆನೆಯಬೇಕಿತ್ತು. ಪಠ್ಯಪುಸ್ತಕದಲ್ಲಿ ಇರಬೇಕಾದ ಹೆಸರು ಅದು.

ಆದರೆ ಲೈಸೆನ್ಸ್ ಬೇರೆ, ಕೆಲಸ ಬೇರೆ. ಅದೇ ಕಾಲದ ಪ್ರೇಮ್ ಮಾಥುರ್ ಅವರಿಗೆ 1947ರಲ್ಲೇ ವಾಣಿಜ್ಯ ಪೈಲಟ್ ಲೈಸೆನ್ಸ್ ಸಿಕ್ಕಿತ್ತು. ಹೆಣ್ಣು ಎಂಬ ಕಾರಣಕ್ಕೆ ಕಂಪನಿಯ ಮೇಲೆ ಕಂಪನಿ ಬೇಡವೆಂದಿತು; ಕಡೆಗೆ ಕೆಲಸ ಕೊಟ್ಟದ್ದು ಹೈದರಾಬಾದಿನ ಡೆಕ್ಕನ್ ಏರ್‌ವೇಸ್. 1953ರಲ್ಲಿ ಸರ್ಕಾರ ವಿಮಾನ ಕಂಪನಿಗಳನ್ನು ರಾಷ್ಟ್ರೀಕರಣ ಮಾಡಿದಾಗ ಗಂಡಸರಿಗೂ ಇಂಥದೇ ಇಕ್ಕಟ್ಟು ಬಂತು. ಕೆಲಸ ಕೊಡುವ ಬಾಗಿಲು ಎರಡೇ ಆದವು, ಇಂಡಿಯನ್ ಏರ್‌ಲೈನ್ಸ್ ಮತ್ತು ಏರ್ ಇಂಡಿಯಾ. ಮುಂದಿನ ನಾಲ್ಕು ದಶಕ ಪೈಲಟ್ ಆಗಬಯಸುವವರ ಮುಂದಿದ್ದ ದೊಡ್ಡ ಪ್ರಶ್ನೆ ಯಾವ ಶಾಲೆ ಎಂಬುದಲ್ಲ, ಕಲಿತ ಮೇಲೆ ಆ ಎರಡು ಬಾಗಿಲು ಯಾವಾಗ ತೆರೆಯುತ್ತವೆ ಎಂಬುದು.

ಆ ಕಾಲಕ್ಕೊಂದು ಒಳ್ಳೆಯ ಗುಣವೂ ಇತ್ತು. ಹಾರಾಟ ಕಲಿಸುವುದನ್ನು ಸರ್ಕಾರ ತನ್ನ ಹೊಣೆ ಎಂದುಕೊಂಡಿತ್ತು, ಕ್ಲಬ್ಬುಗಳಿಗೆ ಸಹಾಯಧನ ಕೊಡುತ್ತಿತ್ತು. ಕಲಿಯುವ ವಿಮಾನವೂ ಇಲ್ಲಿಯದೇ. ಡಾ. ವಿ.ಎಂ. ಘಾಟಗೆ ಅವರ ತಂಡ ವಿನ್ಯಾಸ ಮಾಡಿದ ಎಚ್‌ಟಿ-2 ಎಂಬ ತರಬೇತಿ ವಿಮಾನ 1951ರ ಆಗಸ್ಟಿನಲ್ಲಿ ಬೆಂಗಳೂರಿನ ಮೇಲೆ ಹಾರಿತು. 1958ರಲ್ಲಿ ಪುಷ್ಪಕ್ ಬಂತು: ಇಬ್ಬರು ಕೂರುವ, 90 ಅಶ್ವಶಕ್ತಿಯ, ರೆಕ್ಕೆ ಮೇಲಕ್ಕಿರುವ ಪುಟ್ಟ ವಿಮಾನ. ಎಚ್‌ಎಎಲ್ ಅಂಥ ಸುಮಾರು 160 ವಿಮಾನ ಕಟ್ಟಿ ದೇಶದ ಫ್ಲೈಯಿಂಗ್ ಕ್ಲಬ್ಬುಗಳಿಗೆ ಕೊಟ್ಟಿತು. ಒಂದಿಡೀ ತಲೆಮಾರಿನ ಪೈಲಟ್‌ಗಳು ಬೋಧಕರು ಪಕ್ಕದಲ್ಲಿಲ್ಲದೆ ಮೊದಲ ಸಲ ಒಬ್ಬರೇ ಹಾರಿದ್ದು ಪುಷ್ಪಕ್‌ನಲ್ಲಿ. ರಿಪೇರಿಗೆ ಬೇಕಾದ ಭಾಗ, ಅದನ್ನು ಬಲ್ಲ ಕೈ, ಎರಡೂ ಊರಲ್ಲೇ ಇದ್ದದ್ದರಿಂದ ವಿಮಾನ ಕೆಟ್ಟರೂ ಬೇಗ ಮೇಲೇಳುತ್ತಿತ್ತು. ಶಾಲೆ ಆರಿಸುವವರು ಇವತ್ತಿಗೂ ನೋಡಬೇಕಾದ ಮೊದಲ ಸಂಗತಿ ಇದೇ: ಶೆಡ್ಡಿನಲ್ಲಿ ಎಷ್ಟು ವಿಮಾನ ನಿಂತಿವೆ ಎಂಬುದಲ್ಲ, ಎಷ್ಟು ಹಾರುತ್ತಿವೆ ಎಂಬುದು.

ಕ್ಲಬ್ಬುಗಳ ಮಟ್ಟ ಒಂದೊಂದು ಊರಲ್ಲಿ ಒಂದೊಂದು ರೀತಿ ಇತ್ತು. 1980ರ ದಶಕದ ನಡುವಿನಲ್ಲಿ ಕೇಂದ್ರ ಸರ್ಕಾರ ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿಯನ್ನು ಕಟ್ಟಿದ್ದು ಎಲ್ಲರಿಗೂ ಒಂದೇ ಮಟ್ಟದ ತರಬೇತಿ ಸಿಗಲಿ ಎಂದು. ಆಗ ಪ್ರಧಾನಿಯಾಗಿದ್ದ ರಾಜೀವ್ ಗಾಂಧಿ ಸ್ವತಃ ಇಂಡಿಯನ್ ಏರ್‌ಲೈನ್ಸ್ ಪೈಲಟ್ ಆಗಿದ್ದವರು. ಪ್ರವೇಶ ಪರೀಕ್ಷೆ ಬರೆದು ಸೇರುವ ಆ ಅಕಾಡೆಮಿ ಇಂದಿಗೂ ದಕ್ಷಿಣದ ಮಕ್ಕಳು ಕಣ್ಣಿಡುವ ಜಾಗ.

1994ರಲ್ಲಿ ಸರ್ಕಾರಿ ಕಂಪನಿಗಳ ಏಕಸ್ವಾಮ್ಯ ಕಾನೂನಿನಲ್ಲೇ ಕೊನೆಗೊಂಡಿತು. ಕನ್ನಡ ನಾಡಿಗೆ ಅದರ ಬಿಸಿ ತಟ್ಟಿದ್ದು 2003ರ ಆಗಸ್ಟಿನಲ್ಲಿ, ಹಾಸನ ಜಿಲ್ಲೆ ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರ ಏರ್ ಡೆಕ್ಕನ್ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹಾರಿದಾಗ. 2005ರಲ್ಲಿ ಕಿಂಗ್‌ಫಿಶರ್, 2006ರಲ್ಲಿ ಇಂಡಿಗೊ. ಒಮ್ಮೆಲೇ ಪೈಲಟ್‌ಗಳು ಸಾಲದಾದರು. ಕಂಪನಿಗಳು ಹೊರದೇಶದ ಕ್ಯಾಪ್ಟನ್‌ಗಳನ್ನು ಕರೆಸಿಕೊಂಡವು. ಸಾಲ ಮಾಡಿ ಅಮೆರಿಕ, ಕೆನಡಾ, ದಕ್ಷಿಣ ಆಫ್ರಿಕಾ, ನ್ಯೂಜಿಲೆಂಡ್, ಫಿಲಿಪ್ಪೀನ್ಸ್‌ಗಳಿಗೆ ಹೋಗಿ ಕಲಿತು ಬರುವ ರೂಢಿ ಬೆಳೆದದ್ದು ಆಗ. ಅಲ್ಲಿ ವಿಮಾನ ಹೆಚ್ಚು, ಆಕಾಶ ಖಾಲಿ, ಲೈಸೆನ್ಸಿಗೆ ಬೇಕಾದ ಇನ್ನೂರು ಗಂಟೆಯ ಹಾರಾಟ ಬೇಗ ಮುಗಿಯುತ್ತಿತ್ತು. ಮರಳಿ ಬಂದವರು ಮಾತ್ರ ಇಲ್ಲಿಯ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ಪರೀಕ್ಷೆಗಳನ್ನು ಪಾಸು ಮಾಡಿ, ಹಾರಾಟದ ಪರೀಕ್ಷೆ ಕೊಟ್ಟು ಲೈಸೆನ್ಸ್ ಬದಲಿಸಿಕೊಳ್ಳಬೇಕಿತ್ತು. ಎಷ್ಟೋ ಮನೆಗಳು ಇದಕ್ಕೆ ತಗಲುವ ಖರ್ಚನ್ನೂ ತಿಂಗಳುಗಳನ್ನೂ ಲೆಕ್ಕಕ್ಕೇ ಹಿಡಿದಿರಲಿಲ್ಲ. 2008ರ ಆರ್ಥಿಕ ಕುಸಿತ ಬಂತು, 2012ರಲ್ಲಿ ಕಿಂಗ್‌ಫಿಶರ್ ಮುಚ್ಚಿತು. ಲೈಸೆನ್ಸ್ ಕೈಯಲ್ಲಿದ್ದೂ ಕೆಲಸವಿಲ್ಲದ ಹುಡುಗ ಹುಡುಗಿಯರು ಬೆಂಗಳೂರಿನಲ್ಲಿ ಬೇರೆ ಉದ್ಯೋಗ ಹುಡುಕಿಕೊಂಡರು. ಸಾಲದ ಕಂತು ಮಾತ್ರ ನಿಲ್ಲಲಿಲ್ಲ.

ಆ ಅವಸರದ ವರ್ಷಗಳ ಇನ್ನೊಂದು ಮುಖ 2011ರಲ್ಲಿ ಬಯಲಾಯಿತು. ದೇಶದ ಕೆಲವು ಪೈಲಟ್‌ಗಳ ಅಂಕಪಟ್ಟಿಗಳೇ ನಕಲಿ ಎಂದು ತನಿಖೆಯಲ್ಲಿ ಕಂಡುಬಂತು. ಹಾರದ ಗಂಟೆಗಳನ್ನೂ ಹಾರಿದಂತೆ ಲಾಗ್‌ಬುಕ್ಕಿನಲ್ಲಿ ಬರೆದದ್ದು ಹೊರಬಿತ್ತು. ಸುಳ್ಳು ಗಂಟೆ ಬರೆದುಕೊಡುವ ಶಾಲೆ ವಿದ್ಯಾರ್ಥಿಯ ದುಡ್ಡನ್ನಷ್ಟೇ ತಿನ್ನುವುದಿಲ್ಲ, ಮುಂದೆ ಆತನ ಹಿಂದೆ ಕೂರುವ ನೂರೆಂಬತ್ತು ಜನರ ಜೀವವನ್ನೂ ಪಣಕ್ಕಿಡುತ್ತದೆ. ಬೇಗ ಮುಗಿಸಿಕೊಡುತ್ತೇವೆ ಎಂಬ ಮಾತಿಗೆ ಮರುಳಾಗಬಾರದು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಡ.

ಇಷ್ಟೆಲ್ಲ ನಡೆಯುವಾಗ ಜಕ್ಕೂರು ಸೊರಗುತ್ತಿತ್ತು. ಶಾಲೆ ಇರುವುದು ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕೈಯಲ್ಲಿ. ಕ್ರೀಡಾಂಗಣಗಳ ಜೊತೆಗೆ ವಿಮಾನಗಳನ್ನೂ ನೋಡಿಕೊಳ್ಳಬೇಕಾದ ಇಲಾಖೆ ಅದು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆಯಿತು. ಪಕ್ಕದಲ್ಲೇ ಯಲಹಂಕದ ವಾಯುಪಡೆ ನೆಲೆ. ನಡುವೆ ಸಿಕ್ಕಿಕೊಂಡ ಜಕ್ಕೂರಿಗೆ ಉಳಿದ ಆಕಾಶ ಸಣ್ಣದು. ವಿಮಾನ ನಿಲ್ದಾಣದ ಹೆದ್ದಾರಿಗೆ ಎತ್ತರದ ಮೇಲ್ಸೇತುವೆ ಬಂದಾಗ, ಮೊದಲೇ ಚಿಕ್ಕದಾಗಿದ್ದ ರನ್‌ವೇಯ ಒಂದು ತುದಿಯಲ್ಲಿ ಇಳಿಯುವುದು ಕಷ್ಟವಾಯಿತು; ತಕರಾರು ಹೈಕೋರ್ಟ್ ಮೆಟ್ಟಿಲೇರಿತು. ಎಲ್ಲಕ್ಕಿಂತ ದೊಡ್ಡ ಪೆಟ್ಟು ಬೋಧಕರ ಕೊರತೆ. ಮುಖ್ಯ ಹಾರಾಟ ಬೋಧಕರಿಲ್ಲದೆ ಶಾಲೆ ನಡೆಸುವಂತಿಲ್ಲ ಎಂಬುದು ನಿಯಮ. ಅಂಥ ಅನುಭವಸ್ಥರು ಖಾಸಗಿ ಸಂಬಳ ಬಿಟ್ಟು ಸರ್ಕಾರಿ ಸಂಬಳಕ್ಕೆ ಬರುವುದು ಕಷ್ಟ. ಹೀಗೆ ವರ್ಷಗಟ್ಟಲೆ ತರಬೇತಿ ನಿಂತು, ಫೀಸು ಕಟ್ಟಿದವರು ಕಾಯುತ್ತಾ ಕೂತರು. ಈ ದಶಕದಲ್ಲಿ ಅದಕ್ಕೆ ಮತ್ತೆ ಜೀವ ಕೊಡುವ ಪ್ರಯತ್ನ ನಡೆದಿದೆ. ಬಡ ಮನೆಯ ಮಕ್ಕಳ ಕೈಗೆ ಎಟುಕಬಹುದಾದ ಸರ್ಕಾರಿ ಶಾಲೆಯನ್ನು ಅಷ್ಟು ಕಾಲ ಬರಿದಾಗಿ ಬಿಟ್ಟದ್ದು ನಾಡಿಗೆ ಆದ ನಿಜವಾದ ನಷ್ಟ.

ಖಾಲಿ ಬಿಟ್ಟ ಜಾಗವನ್ನು ಬೇರೆ ಊರುಗಳು ತುಂಬಿದವು. ಮೈಸೂರಿನಲ್ಲಿ ಅರಸರ ಕಾಲದ ಮಂಡಕಳ್ಳಿ ವಿಮಾನ ನಿಲ್ದಾಣದಲ್ಲಿ ಖಾಸಗಿ ಶಾಲೆ ಬಂತು. 2021ರಲ್ಲಿ ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರವು ಹೊಸ ಶಾಲೆಗಳಿಗಾಗಿ ದೇಶದಲ್ಲಿ ಐದು ನಿಲ್ದಾಣಗಳನ್ನು ಆರಿಸಿದಾಗ ಅದರಲ್ಲಿ ಎರಡು ಕರ್ನಾಟಕದವು, ಬೆಳಗಾವಿ ಮತ್ತು ಕಲಬುರಗಿ. ಬೆಳಗಾವಿಯ ಸಾಂಬ್ರಾ ಎರಡನೇ ಮಹಾಯುದ್ಧದ ಕಾಲದ ಹಳೆಯ ನೆಲೆ. ಕಲಬುರಗಿ 2019ರ ನವೆಂಬರಿನಲ್ಲಿ ತೆರೆದ ಹೊಸದು. ಎರಡೂ ಕಡೆ ಪ್ರಯಾಣಿಕರ ವಿಮಾನಗಳ ದಟ್ಟಣೆ ಕಡಿಮೆ, ರನ್‌ವೇ ಉದ್ದ. ಬಯಲುಸೀಮೆಯ ಕಲಬುರಗಿಯಲ್ಲಂತೂ ಹಾರಲು ಸಿಗುವ ದಿನಗಳೂ ಹೆಚ್ಚು.

ಈಗಿನ ನಿಯಮದಂತೆ ವಾಣಿಜ್ಯ ಲೈಸೆನ್ಸಿಗೆ ಕನಿಷ್ಠ 200 ಗಂಟೆ ಹಾರಬೇಕು. ಅದರಲ್ಲಿ 100 ಗಂಟೆ ವಿಮಾನದ ಹೊಣೆ ವಿದ್ಯಾರ್ಥಿಯದೇ. ಊರಿಂದೂರಿಗೆ ಹಾರುವುದು, ರಾತ್ರಿ ಹಾರುವುದು, ಉಪಕರಣಗಳನ್ನೇ ನಂಬಿ ಹಾರುವುದು ಎಲ್ಲವೂ ಸೇರುತ್ತವೆ. ನೆಲದ ಮೇಲೆ ನ್ಯಾವಿಗೇಶನ್, ಹವಾಮಾನ, ವಾಯುಯಾನ ನಿಯಮಗಳು, ತಾಂತ್ರಿಕ ವಿಷಯ, ರೇಡಿಯೊ ಸಂವಹನದ ಪರೀಕ್ಷೆಗಳು. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದಿರಬೇಕು.

ಸಾತನೂರಿನ ತಂದೆ ತಾಯಿ ಕಾಗದ ಪೆನ್ನು ಹಿಡಿದು ಮಾಡಬಹುದಾದ ಲೆಕ್ಕ ಇಲ್ಲಿದೆ. ಒಂದು ಶಾಲೆಯಲ್ಲಿ ಹಾರುವ ಸ್ಥಿತಿಯ ಐದು ವಿಮಾನ ಇವೆ ಎನ್ನೋಣ. ಒಂದೊಂದು ವಿಮಾನ ದಿನಕ್ಕೆ ನಾಲ್ಕು ಗಂಟೆ, ವರ್ಷಕ್ಕೆ 250 ದಿನ ಹಾರಿದರೆ ಒಟ್ಟು 5000 ಗಂಟೆ. ಒಬ್ಬರಿಗೆ 200 ಗಂಟೆ ಎಂದರೆ ಆ ಶಾಲೆ ವರ್ಷಕ್ಕೆ ಮುಗಿಸಬಲ್ಲದ್ದು 25 ಜನರ ತರಬೇತಿ. ಅದೇ ಶಾಲೆ 80 ಜನರನ್ನು ಸೇರಿಸಿಕೊಂಡಿದ್ದರೆ ಕಡೆಯವರ ಸರದಿ ಮುಗಿಯಲು ಮೂರು ವರ್ಷ ದಾಟುತ್ತದೆ; ಅಷ್ಟೂ ದಿನದ ಊಟ, ಬಾಡಿಗೆ, ಬಡ್ಡಿ ಮನೆಯವರ ತಲೆಗೆ. ಕಟ್ಟಡ, ಸಮವಸ್ತ್ರ, ಫೋಟೊಗಳಿಗಿಂತ ಈ ಒಂದು ಭಾಗಾಕಾರ ಹೆಚ್ಚು ಸತ್ಯ ಹೇಳುತ್ತದೆ. ಬೋಧಕರು ಎಷ್ಟು ಜನ, ಕಳೆದ ವರ್ಷ ಎಷ್ಟು ಮಂದಿ 200 ಗಂಟೆ ಮುಗಿಸಿದರು, ವಿಮಾನ ಕೆಟ್ಟರೆ ರಿಪೇರಿ ಅಲ್ಲೇ ಆಗುತ್ತದೆಯೇ, ಫೀಸನ್ನು ಹಾರಿದಷ್ಟಕ್ಕೆ ಕಟ್ಟಬಹುದೇ ಅಥವಾ ಮೊದಲೇ ಪೂರ್ತಿ ಕೊಡಬೇಕೇ ಎಂದು ಕೇಳಬೇಕು. ಅಲ್ಲೇ ಕಲಿಯುತ್ತಿರುವ ಮಕ್ಕಳನ್ನು ಗೇಟಿನ ಹೊರಗೆ ಮಾತಾಡಿಸಬೇಕು.

ಫೀಸಿಗೂ ಮೊದಲು ಆಗಬೇಕಾದ್ದು ವೈದ್ಯಕೀಯ ಪರೀಕ್ಷೆ. ಕ್ಲಾಸ್ 1 ಪ್ರಮಾಣಪತ್ರ ಇಲ್ಲದವರು ಏರ್‌ಲೈನ್ ಪೈಲಟ್ ಆಗಲಾರರು. ಈ ಪರೀಕ್ಷೆ ನಡೆಸುವ ದೇಶದ ಪ್ರಮುಖ ಕೇಂದ್ರಗಳಲ್ಲಿ ಒಂದು, ವಾಯುಪಡೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್, ಬೆಂಗಳೂರಿನಲ್ಲೇ ಇದೆ. ಬಣ್ಣ ಗುರುತಿಸುವ ಕಣ್ಣಿನ ದೋಷವೊಂದು ಲಕ್ಷಾಂತರ ರೂಪಾಯಿ ಕಟ್ಟಿದ ಮೇಲೆ ಗೊತ್ತಾದರೆ ಆ ಮನೆಯ ಸಂಕಟಕ್ಕೆ ಮದ್ದಿಲ್ಲ.

2025ರಿಂದ ಡಿಜಿಸಿಎ ಹಾರಾಟ ಶಾಲೆಗಳಿಗೆ ವರ್ಷಕ್ಕೆರಡು ಬಾರಿ ಶ್ರೇಣಿ ಕೊಡಲು ಶುರುಮಾಡಿದೆ. ಸುರಕ್ಷತೆ, ತರಬೇತಿಯ ಗುಣ, ವಿದ್ಯಾರ್ಥಿಗಳಿಗೆ ಸಿಗುವ ನೆರವು ಇವನ್ನೆಲ್ಲ ತೂಗಿ ಹೊರಡಿಸಿದ ಮೊದಲ ಪಟ್ಟಿಯಲ್ಲಿ ಮೇಲಿನ ಎರಡು ಶ್ರೇಣಿಗೆ ದೇಶದ ಒಂದು ಶಾಲೆಯೂ ಏರಲಿಲ್ಲ. ಸೇರುವ ಮುನ್ನ ಹೊಸ ಪಟ್ಟಿಯನ್ನು ನೋಡುವುದಕ್ಕೆ ಖರ್ಚೇನೂ ಇಲ್ಲ.

ಬೆಂಗಳೂರಿನ ಎರಡನೇ ವಿಮಾನ ನಿಲ್ದಾಣಕ್ಕೆ ಕನಕಪುರ ರಸ್ತೆಯ ಸೋಮನಹಳ್ಳಿ, ಚೂಡಹಳ್ಳಿಗಳನ್ನೂ ನೋಡಿಹೋದ ಮೇಲೆ ಸಾತನೂರು ಸುತ್ತಲಿನ ಹಳ್ಳಿಗಳಲ್ಲಿ ವಿಮಾನದ ಮಾತು ಹೆಚ್ಚಿದೆ. ನಿಲ್ದಾಣ ಹತ್ತಿರ ಬಂದರೆ ಕೆಲಸಗಳೂ ಬರಬಹುದು. ಹಾರಾಟ ಕಲಿಯಲು ಮಾತ್ರ ಅದು ಜಾಗವಾಗಲಾರದು, ದಟ್ಟಣೆಯ ಆಕಾಶದಲ್ಲಿ ಕಲಿಕೆಯ ವಿಮಾನಕ್ಕೆ ಸರದಿ ಸಿಗುವುದಿಲ್ಲ ಎಂಬುದನ್ನು ಜಕ್ಕೂರು ಕಂಡಿದೆ. ಇಲ್ಲಿಯ ಮಕ್ಕಳು ಕಲಬುರಗಿಗೋ ಬೆಳಗಾವಿಗೋ ಮೈಸೂರಿಗೋ ರಾತ್ರಿ ಬಸ್ಸು ಹತ್ತಿ, ಎರಡು ದಿನ ಅಲ್ಲಿದ್ದು, ಬೆಳಿಗ್ಗೆಯಿಂದ ಸಂಜೆಯವರೆಗೆ ಎಷ್ಟು ಸಲ ವಿಮಾನ ಮೇಲೇಳುತ್ತದೆ ಎಂದು ಎಣಿಸಿ ಬಂದು ತೀರ್ಮಾನ ಮಾಡುವುದು ಮೇಲು.