ಚಕ್ಕಡಿಯಿಂದ ಮೋಟಾರಿಗೆ: ಬೈಲಹೊಂಗಲ ಸೀಮೆಯಲ್ಲಿ ವಾಹನದ ಆಯ್ಕೆ

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ ಹಾಗೂ ರಾಮದುರ್ಗ ಪರಿಸರದಲ್ಲಿ ಜನರು ವಾಹನಗಳನ್ನು ಆರಿಸಿಕೊಂಡ ಬಗೆಯನ್ನು ಕೇವಲ ಅಭಿರುಚಿಯ ಇತಿಹಾಸವೆಂದು ಭಾವಿಸುವುದು ಸಮಂಜಸವಲ್ಲ. ನೆಲದ ಗುಣ, ರಸ್ತೆಯ ಸ್ಥಿತಿ, ಕುಟುಂಬದ ಗಾತ್ರ ಮತ್ತು ಸರ್ಕಾರದ ಧೋರಣೆಗಳು ಈ ಆಯ್ಕೆಯನ್ನು ರೂಪಿಸಿವೆ. 1880ರ ದಶಕದಲ್ಲಿ ಹಾಕಲಾದ ದಕ್ಷಿಣ ಮರಾಠಾ ರೈಲುಮಾರ್ಗಗಳು ಈ ನಾಲ್ಕೂ ಊರುಗಳನ್ನು ಮುಟ್ಟದೆ ಸಾಗಿದುದರಿಂದ ಇಲ್ಲಿನ ಸಂಚಾರವು ರಸ್ತೆಯನ್ನೇ ಅವಲಂಬಿಸಬೇಕಾಯಿತು.

ಹತ್ತಿ, ಜೋಳ ಬೆಳೆಯುವ ಎರೆ ಭೂಮಿಯಲ್ಲಿ ಚಕ್ಕಡಿಯೇ ಬಹುಕಾಲ ಮುಖ್ಯ ವಾಹನವಾಗಿತ್ತು. ಹೊಲಕ್ಕೆ ಗೊಬ್ಬರ ಸಾಗಿಸಿದ ಚಕ್ಕಡಿಯೇ ಸಂತೆಗೆ ಮಾಲು ಒಯ್ಯುತ್ತಿತ್ತು. ಭರತ ಹುಣ್ಣಿಮೆಯಲ್ಲಿ ಮನೆಮಂದಿಯನ್ನೆಲ್ಲ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಕರೆದೊಯ್ಯುತ್ತಿತ್ತು. ಒಂದೇ ವಾಹನ ದುಡಿಮೆಗೂ ಯಾತ್ರೆಗೂ ಒದಗಬೇಕೆಂಬ ಈ ನಿರೀಕ್ಷೆಯು ಮೋಟಾರು ಯುಗದಲ್ಲಿಯೂ ಮುಂದುವರಿದುದು ಗಮನಾರ್ಹ.

ರಾಮದುರ್ಗ ಸಂಸ್ಥಾನವು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡಿತು. 1956ರಲ್ಲಿ ಇಡೀ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. ಆಡಳಿತ ಬದಲಾದರೂ ಕಾರು ಕೊಳ್ಳುವವರ ಮುಂದಿದ್ದ ದಾರಿಗಳು ಹೆಚ್ಚಲಿಲ್ಲ. ಪರವಾನಗಿ ವ್ಯವಸ್ಥೆಯ ದಶಕಗಳಲ್ಲಿ ದೇಶದ ಮಾರುಕಟ್ಟೆಯಲ್ಲಿದ್ದವು ಮುಖ್ಯವಾಗಿ ಅಂಬಾಸಿಡರ್ ಮತ್ತು ಫಿಯಟ್ ಕಾರುಗಳು. ಹಣವಿದ್ದವರೂ ವರ್ಷಗಟ್ಟಲೆ ಸರದಿ ಕಾಯಬೇಕಿತ್ತು. ಆದ್ದರಿಂದ ಅಂದಿನ ಅಂಬಾಸಿಡರ್ ಪ್ರೀತಿಯನ್ನು ಪೂರ್ಣವಾಗಿ ಸ್ವತಂತ್ರ ಆಯ್ಕೆಯೆಂದು ಕರೆಯಲಾಗದು. ಮಳೆಗಾಲದಲ್ಲಿ ಎರೆಮಣ್ಣಿನ ಕೆಸರಿಗೆ ತಗ್ಗಾದ ಕಾರು ಸಿಕ್ಕಿಬೀಳುವ ಹಳ್ಳಿದಾರಿಗಳಲ್ಲಿ, ಎತ್ತರದ ಜೀಪು ಹೆಚ್ಚು ಉಪಯುಕ್ತವಾಗಿತ್ತು.

1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಕಾರು ಮಧ್ಯಮವರ್ಗದ ಸಣ್ಣ ಕುಟುಂಬವನ್ನು ಗುರಿಯಾಗಿಸಿತು. ನೌಕರರು, ವ್ಯಾಪಾರಿಗಳಿಗೆ ಅದು ಒಪ್ಪುವಂತಹುದು. ಕೂಡುಕುಟುಂಬದ ಒಕ್ಕಲಿಗೆ ಅದರ ನಾಲ್ಕು ಆಸನಗಳು ಸಾಲುವಂತಿರಲಿಲ್ಲ. 1991ರ ಉದಾರೀಕರಣದ ಬಳಿಕ ಬಂದ ಟಾಟಾ ಸುಮೊ (1994), ಮಹೀಂದ್ರ ಬೊಲೆರೊ (2000) ಮೊದಲಾದ ವಾಹನಗಳು ಈ ಕೊರತೆಯನ್ನು ತುಂಬಿದವು. ಹೆಚ್ಚು ಜನ, ಹೆಚ್ಚು ಎತ್ತರ, ಡೀಸೆಲ್ ಎಂಜಿನ್: ಈ ಮೂರು ಗುಣಗಳಲ್ಲಿ ಚಕ್ಕಡಿಯ ಹಳೆಯ ನಿರೀಕ್ಷೆಯೇ ಹೊಸ ರೂಪ ತಳೆದಂತೆ ತೋರುತ್ತದೆ.

ಇಂಧನದ ಬೆಲೆಯ ಪಾತ್ರವೂ ಹಿರಿದು. 2010ರ ಜೂನ್‌ನಲ್ಲಿ ಪೆಟ್ರೋಲ್ ಬೆಲೆ ನಿಯಂತ್ರಣಮುಕ್ತವಾದಾಗ ಡೀಸೆಲ್ ಬೆಲೆ ಇನ್ನೂ ಸರ್ಕಾರದ ಹಿಡಿತದಲ್ಲಿತ್ತು. ಎರಡರ ನಡುವಿನ ಅಂತರ ಹೆಚ್ಚಿದಾಗ ಸಣ್ಣ ಕಾರುಗಳಲ್ಲಿಯೂ ಡೀಸೆಲ್ ಮಾದರಿಗೆ ಬೇಡಿಕೆ ಬಂದಿತು. 2014ರ ಅಕ್ಟೋಬರಿನಲ್ಲಿ ಡೀಸೆಲ್ ಸಹ ಮುಕ್ತವಾಯಿತು. 2020ರ ಏಪ್ರಿಲ್‌ನಲ್ಲಿ ಭಾರತ್ ಸ್ಟೇಜ್ 6 ನಿಯಮ ಜಾರಿಗೊಂಡಾಗ ಮಾರುತಿ ಸಂಸ್ಥೆಯು ಡೀಸೆಲ್ ಕಾರುಗಳನ್ನೇ ಕೈಬಿಟ್ಟಿತು. ಇಷ್ಟರಲ್ಲಿ, 2014ರಲ್ಲಿಯೇ, ಅಂಬಾಸಿಡರ್ ಹಾಗೂ ಮಾರುತಿ 800ರ ತಯಾರಿಕೆ ನಿಂತಿತ್ತು.

ಸೀಮೆಯೊಳಗೂ ಏಕರೂಪತೆ ಇಲ್ಲ. ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿರುವ ಕಿತ್ತೂರಿಗೆ ಸುವರ್ಣ ಚತುಷ್ಕೋನ ಯೋಜನೆಯಿಂದ ಚತುಷ್ಪಥ ದೊರೆಯಿತು. ಹೆದ್ದಾರಿಯಿಂದ ದೂರದ ರಾಮದುರ್ಗಕ್ಕೆ ಆ ಅನುಕೂಲವಿರಲಿಲ್ಲ. ನುಣುಪಾದ ದಾರಿಗೆ ಒಗ್ಗುವ ಕಾರು ಎಲ್ಲ ಹಳ್ಳಿಗೂ ಒಗ್ಗಲಾರದು.

ಕೊಳ್ಳುವವರ ಆಯ್ಕೆಯನ್ನಷ್ಟೇ ದಾಖಲಿಸಿದರೆ ಈ ಇತಿಹಾಸ ಅಪೂರ್ಣ. ಕಾರಿಲ್ಲದ ಬಹುಜನರು ಬಸ್ಸು, ಟಂಟಂ, ಟ್ರ್ಯಾಕ್ಟರುಗಳಲ್ಲಿಯೇ ಸಂಚರಿಸಿದ್ದಾರೆ. ಮನೆಯ ವಾಹನ ಯಾವುದಿರಬೇಕೆಂಬ ಮಾತಿನಲ್ಲಿ ಹೆಣ್ಣುಮಕ್ಕಳ ದನಿ ಕೇಳಿಬಂದುದು ವಿರಳ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣ ದೊರೆತಾಗ, ಯಲ್ಲಮ್ಮನ ಗುಡ್ಡಕ್ಕೆ ಹೋಗಲು ಅವರು ಯಾರ ವಾಹನಕ್ಕೂ ಕಾಯಬೇಕಿರಲಿಲ್ಲ. ಈ ಸೀಮೆಯ ಸಂಚಾರ ಚರಿತ್ರೆಯಲ್ಲಿ ಒಡೆತನದ ಜೊತೆಗೆ ಪ್ರಯಾಣದ ಹಕ್ಕನ್ನೂ ಅಭ್ಯಸಿಸುವುದು ಅಗತ್ಯ.