ಓದು, ಬರಹ, ಲೆಕ್ಕ: ಇಂಗ್ಲೆಂಡಿನ ಪಾಸು-ನಪಾಸಿನ ಚರಿತ್ರೆ

ಒಂದು ಶಾಲೆಯ ಬಗ್ಗೆ ನಾವು ಮೊದಲು ಕೇಳುವುದು, ಅಲ್ಲಿ ಶೇಕಡಾ ಎಷ್ಟು ಫಲಿತಾಂಶ ಎಂದು. ಕಟ್ಟಡ ಹೇಗಿದೆ, ಮೇಷ್ಟ್ರು ಹೇಗಿದ್ದಾರೆ ಎಂಬುದೆಲ್ಲ ಆಮೇಲೆ. ಈ ಶೇಕಡಾವಾರು ಲೆಕ್ಕಕ್ಕೂ ಒಂದು ಚರಿತ್ರೆಯಿದೆ. ಅದರ ಬಹುಮುಖ್ಯ ಅಧ್ಯಾಯ ನಡೆದದ್ದು ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಲ್ಲಿ.

ಹತ್ತೊಂಬತ್ತನೇ ಶತಮಾನದ ಮಧ್ಯದಲ್ಲಿ ಆ ದೇಶದ ಪ್ರಾಥಮಿಕ ಶಾಲೆಗಳನ್ನು ನಡೆಸುತ್ತಿದ್ದುದು ಹೆಚ್ಚಾಗಿ ಚರ್ಚಿನ ಸಂಘಗಳು. ಸರಕಾರ ಅನುದಾನ ಕೊಡುತ್ತಿತ್ತು, ಅನುದಾನ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿತ್ತು. 1861ರಲ್ಲಿ ನ್ಯೂಕ್ಯಾಸಲ್ ಆಯೋಗ ವರದಿ ಕೊಟ್ಟಿತು: ಇಷ್ಟು ಹಣ ಸುರಿದರೂ ಬಹುಪಾಲು ಮಕ್ಕಳಿಗೆ ಓದು, ಬರಹ, ಲೆಕ್ಕ ನೆಟ್ಟಗೆ ಬರುತ್ತಿಲ್ಲ. ಆಗ ಶಿಕ್ಷಣದ ಹೊಣೆ ಹೊತ್ತಿದ್ದ ರಾಬರ್ಟ್ ಲೋ ಇದಕ್ಕೆ ವ್ಯಾಪಾರಿ ಬುದ್ಧಿಯ ಮದ್ದನ್ನು ಹುಡುಕಿದ. ಹೊಸ ವ್ಯವಸ್ಥೆ ಅಗ್ಗವಾಗದಿದ್ದರೆ ದಕ್ಷವಾಗಿರುತ್ತದೆ, ದಕ್ಷವಾಗದಿದ್ದರೆ ಅಗ್ಗವಾಗಿರುತ್ತದೆ ಎಂದು ಪಾರ್ಲಿಮೆಂಟಿನಲ್ಲಿ ಹೇಳಿದ. 1862ರ ಪರಿಷ್ಕೃತ ನಿಯಮಾವಳಿ ಜಾರಿಗೆ ಬಂದದ್ದು ಹೀಗೆ.

ಅದರ ಲೆಕ್ಕಾಚಾರವನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಸರಾಸರಿ ಹಾಜರಾತಿಯ ಮೇಲೆ ತಲೆಗೆ 4 ಶಿಲ್ಲಿಂಗ್. ಇನ್ನೂರಕ್ಕೂ ಹೆಚ್ಚು ಹಾಜರಿ ಇರುವ ಪ್ರತಿ ಮಗುವಿನ ಮೇಲೆ ಮತ್ತೆ 8 ಶಿಲ್ಲಿಂಗ್; ಆದರೆ ಈ 8 ಶಿಲ್ಲಿಂಗ್ ಸಿಗಬೇಕಾದರೆ ವರ್ಷಕ್ಕೊಮ್ಮೆ ಬರುವ ಶಾಲಾ ಇನ್‌ಸ್ಪೆಕ್ಟರರ ಮುಂದೆ ಮಗು ಪಾಸಾಗಬೇಕು. ಓದಿನಲ್ಲಿ ನಪಾಸಾದರೆ 2 ಶಿಲ್ಲಿಂಗ್ 8 ಪೆನ್ಸ್ ಕಡಿತ. ಬರಹದಲ್ಲಿ ನಪಾಸಾದರೂ ಅಷ್ಟೇ, ಲೆಕ್ಕದಲ್ಲಿ ನಪಾಸಾದರೂ ಅಷ್ಟೇ. ಒಟ್ಟು ಆರು ದರ್ಜೆಗಳು. ಮೊದಲ ದರ್ಜೆಯ ಮಗು ಒಂದೇ ಉಚ್ಚಾರಾಂಶದ ಪದಗಳ ಸಣ್ಣ ಕತೆ ಓದಬೇಕು, ಹೇಳಿದ ಅಕ್ಷರಗಳನ್ನು ಸ್ಲೇಟಿನ ಮೇಲೆ ಬರೆಯಬೇಕು, ಇಪ್ಪತ್ತರವರೆಗಿನ ಅಂಕಿಗಳನ್ನು ಗುರುತಿಸಬೇಕು. ಆರನೆಯ ದರ್ಜೆಗೆ ಬಂದವರು ಪತ್ರಿಕೆಯ ಒಂದು ಪ್ಯಾರಾ ಓದಿದರೆ, ಅಂಗಡಿ ಬಿಲ್ಲಿನ ಲೆಕ್ಕ ಮಾಡಿದರೆ ಸಾಕು. ಬಡವನ ಮಗನಿಗೆ ಅದಕ್ಕಿಂತ ಹೆಚ್ಚು ಬೇಕಿಲ್ಲ ಎಂಬ ತೀರ್ಮಾನವೂ ಇದರೊಳಗೆ ಅಡಗಿತ್ತು ಎಂದು ನಮಗನಿಸುತ್ತದೆ.

ಹಲವೆಡೆ ಮೇಷ್ಟ್ರ ಸಂಬಳದ ಒಂದು ಪಾಲು ಈ ಅನುದಾನದಿಂದಲೇ ಬರಬೇಕಿತ್ತು. ಎದುರಿಗೆ ಕುಳಿತ ಪ್ರತಿ ಮಗುವೂ ಇಷ್ಟು ಶಿಲ್ಲಿಂಗ್, ಇಷ್ಟು ಪೆನ್ಸ್ ಆಗಿಬಿಟ್ಟಿತು. ಜಾಣ ಮಗು ಹೇಗೂ ಪಾಸಾಗುತ್ತದೆ, ಅದರ ಮೇಲೆ ಹೆಚ್ಚು ಶ್ರಮ ಏಕೆ? ಪಾಸಿನ ಅಂಚಿನಲ್ಲಿರುವ ಮಗುವನ್ನು ಅರೆದರೆ ಲಾಭ. ಇತಿಹಾಸ, ಭೂಗೋಳ ಮೂಲೆಗೆ ಸರಿದವು. ನಾಯಿಕೆಮ್ಮು ಹತ್ತಿದ, ಸಿಡುಬೆದ್ದ ಮಕ್ಕಳನ್ನೂ ಪರೀಕ್ಷೆಯ ದಿನ ಬಟ್ಟೆ ಸುತ್ತಿ ಕರೆತರುತ್ತಿದ್ದುದನ್ನು ಇನ್‌ಸ್ಪೆಕ್ಟರರೇ ದಾಖಲಿಸಿದ್ದಾರೆ.

ಆ ಇನ್‌ಸ್ಪೆಕ್ಟರರಲ್ಲಿ ಒಬ್ಬ ಮ್ಯಾಥ್ಯೂ ಆರ್ನಾಲ್ಡ್. ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ಆತ ಕವಿ, ವಿಮರ್ಶಕ. ಆದರೆ ಹೊಟ್ಟೆಪಾಡಿಗೆ 35 ವರ್ಷ ಶಾಲೆಯಿಂದ ಶಾಲೆಗೆ ಅಲೆದ ಸರಕಾರಿ ನೌಕರ. ತನ್ನ ಮೇಲಧಿಕಾರಿಗಳ ನೀತಿಯನ್ನೇ ಆತ 1862ರಲ್ಲಿ ಲೇಖನ ಬರೆದು ಟೀಕಿಸಿದ. 1867ರ ವರದಿಯಲ್ಲಿ ಇನ್ನೂ ನೇರವಾಗಿ ಹೇಳಿದ: ಜಾಣತನದಿಂದ ತಯಾರಿ ಮಾಡಿಸಿದರೆ ಓದಲು, ಬರೆಯಲು, ಲೆಕ್ಕ ಮಾಡಲು ನಿಜವಾಗಿ ಬಾರದ ಮಕ್ಕಳನ್ನೂ ಈ ಮೂರರಲ್ಲಿ ಪಾಸು ಮಾಡಿಸಬಹುದು. ಮಕ್ಕಳು ಇಡೀ ಪಾಠಪುಸ್ತಕವನ್ನು ಬಾಯಿಪಾಠ ಮಾಡಿರುತ್ತಿದ್ದರು. ಪುಸ್ತಕ ಕೈಯಲ್ಲಿರುತ್ತಿತ್ತು, ಓದು ನಾಲಿಗೆಯಲ್ಲಿರುತ್ತಿತ್ತು.

ಖಜಾನೆಗೆ ಮಾತ್ರ ಲಾಭವಾಯಿತು. 1861ರಲ್ಲಿ 8 ಲಕ್ಷ ಪೌಂಡ್ ಮೀರಿದ್ದ ಅನುದಾನ 1865ರ ಹೊತ್ತಿಗೆ ಸುಮಾರು 6 ಲಕ್ಷ 37 ಸಾವಿರಕ್ಕೆ ಇಳಿಯಿತು. ಈ ಪದ್ಧತಿ 1890ರ ದಶಕದಲ್ಲಿ ಹಂತಹಂತವಾಗಿ ಕೊನೆಗೊಂಡಿತು. ಇನ್‌ಸ್ಪೆಕ್ಟರ್ ಆಗಿ ನಿವೃತ್ತನಾದ ಎಡ್ಮಂಡ್ ಹೋಮ್ಸ್ 1911ರಲ್ಲಿ ಪುಸ್ತಕ ಬರೆದು ಅದರ ಚರಮಗೀತೆ ಹಾಡಿದ.

ಅಷ್ಟರಲ್ಲಿ ಅದು ಹಡಗು ಹತ್ತಿ ನಮ್ಮ ಕಡೆಗೂ ಬಂದಿತ್ತು. 1860ರ ದಶಕದಲ್ಲಿ ಮದ್ರಾಸ್ ಮತ್ತು ಮುಂಬೈ ಪ್ರಾಂತಗಳಲ್ಲಿ ಫಲಿತಾಂಶ ನೋಡಿ ಅನುದಾನ ಕೊಡುವ ಕ್ರಮ ಶುರುವಾಯಿತು. ದಕ್ಷಿಣ ಕನ್ನಡ, ಬಳ್ಳಾರಿ ಆಗ ಮದ್ರಾಸಿಗೆ ಸೇರಿದ್ದವು. ಧಾರವಾಡ, ಬೆಳಗಾವಿ ಮುಂಬೈಗೆ. 1882ರಲ್ಲಿ ನೇಮಕವಾದ ಶಿಕ್ಷಣ ಆಯೋಗದ ಅಧ್ಯಕ್ಷ ಡಬ್ಲ್ಯು. ಡಬ್ಲ್ಯು. ಹಂಟರ್, ಹತ್ತು ವರ್ಷಗಳ ಹಿಂದೆ ಭಾರತದ ಮುಸಲ್ಮಾನರ ಬಗ್ಗೆ ಪುಸ್ತಕ ಬರೆದು ಚರ್ಚೆಗೆ ಗುರಿಯಾಗಿದ್ದ ಅದೇ ಹಂಟರ್. ಮುಸ್ಲಿಮ್ ಶಿಕ್ಷಣಕ್ಕೆ ವಿಶೇಷ ಪ್ರೋತ್ಸಾಹ ಬೇಕು, ಮುಸ್ಲಿಮರ ದೇಶೀ ಶಾಲೆಗಳು ಲೌಕಿಕ ವಿಷಯಗಳನ್ನೂ ಕಲಿಸುವಂತೆ ಧಾರಾಳ ನೆರವು ಕೊಡಬೇಕು ಎಂದು ಆಯೋಗ ಹೇಳಿತು. ಅದೇ ಆಯೋಗ ದೇಶೀ ಶಾಲೆಗಳಿಗೆ ಕೊಡುವ ನೆರವನ್ನು ಪರೀಕ್ಷಾ ಫಲಿತಾಂಶಕ್ಕೆ ಗಂಟು ಹಾಕುವುದನ್ನೂ ಒಪ್ಪಿತು! ಇಂಗ್ಲೆಂಡಿನಲ್ಲಿ ಆಗಲೇ ಹೆಸರು ಕೆಡಿಸಿಕೊಂಡಿದ್ದ ಸರಕು ಇಲ್ಲಿ ಸಲಹೆಯಾಗಿ ಬಂತು. ಅದನ್ನು ಕೈಬಿಡುವ ತೀರ್ಮಾನವಾದದ್ದು ಲಾರ್ಡ್ ಕರ್ಜನ್‌ನ ಕಾಲದಲ್ಲಿ.

ಮತ್ತೆ ಇಂಗ್ಲೆಂಡಿಗೆ ಬರೋಣ. ಲೋನ ನೀತಿ ಸತ್ತು ನೂರು ವರ್ಷಗಳಾದ ಮೇಲೆ, 1999ರಲ್ಲಿ, ಕ್ಲಾಸ್ ಮೋಸರ್ ಅಧ್ಯಕ್ಷತೆಯ ಸಮಿತಿಯ ವರದಿ ಬಂತು. ವಯಸ್ಕರಲ್ಲಿ ಐವರಿಗೊಬ್ಬರು, ಅಂದರೆ ಸುಮಾರು 70 ಲಕ್ಷ ಜನ, ಫೋನ್ ಡೈರೆಕ್ಟರಿಯ ಸೂಚಿಯಲ್ಲಿ ನಲ್ಲಿ ರಿಪೇರಿಯವರ ಪುಟ ಯಾವುದೆಂದು ಹುಡುಕಲಾರರು! ಜಗತ್ತಿಗೆಲ್ಲ ಇಂಗ್ಲಿಷ್ ಕಲಿಸಿದ ದೇಶದ ಕತೆ ಇದು. 2001ರಲ್ಲಿ ಸರಕಾರ ದೊಡ್ಡ ಅಭಿಯಾನ ಆರಂಭಿಸಿತು. 2010ರೊಳಗೆ 22.5 ಲಕ್ಷ ವಯಸ್ಕರನ್ನು ಪಾಸು ಮಾಡಿಸುವ ಗುರಿ. ಎರಡು ವರ್ಷ ಮೊದಲೇ ಗುರಿ ಮುಟ್ಟಿತು.

ಆದರೆ ಪಾಸಾದ ಪರೀಕ್ಷೆ ಎಂತಹದು? ಮೇಲಿನ ಎರಡು ಹಂತಗಳ ಸಾಕ್ಷರತಾ ಪರೀಕ್ಷೆಯಲ್ಲಿ 40 ಪ್ರಶ್ನೆಗಳು, ಕೊಟ್ಟ ಉತ್ತರಗಳಲ್ಲಿ ಸರಿಯಾದುದಕ್ಕೆ ಗುರುತು ಹಾಕಬೇಕು. ಒಂದು ವಾಕ್ಯವನ್ನೂ ಸ್ವತಃ ಬರೆಯಬೇಕಿರಲಿಲ್ಲ. ಸರಕಾರವೇ 2003 ಮತ್ತು 2011ರಲ್ಲಿ ನಡೆಸಿದ ಸಮೀಕ್ಷೆಗಳು ಬೇರೊಂದು ಚಿತ್ರ ಕೊಟ್ಟವು. ಓದಿನಲ್ಲಿ ಮೇಲಿನ ಹಂತ ತಲುಪಿದವರು ಶೇ. 44ರಿಂದ 57ಕ್ಕೆ ಏರಿದ್ದರು, ಇದನ್ನು ಒಪ್ಪಲೇಬೇಕು. ಆದರೆ ತೀರಾ ಕೆಳಗಿದ್ದವರು ಶೇ. 16ರಿಂದ 15ಕ್ಕಷ್ಟೇ ಇಳಿದಿದ್ದರು. ಲೆಕ್ಕದಲ್ಲಂತೂ ಕೆಳಹಂತದವರು ಶೇ. 47ರಿಂದ 49ಕ್ಕೆ ಏರಿದ್ದರು. ಯಾರಿಗಾಗಿ ಅಭಿಯಾನ ಶುರುವಾಯಿತೋ ಅವರು ಹೆಚ್ಚುಕಡಿಮೆ ಇದ್ದಲ್ಲೇ ಇದ್ದರು.

ಈಗಿನ ಸಮಸ್ಯೆ ಹದಿನಾರರ ಹರೆಯದವರದ್ದು. ಅಲ್ಲಿನ ಹದಿನಾರನೆಯ ವಯಸ್ಸಿನ ಸಾರ್ವಜನಿಕ ಪರೀಕ್ಷೆಗೆ ಜಿಸಿಎಸ್ಇ ಎಂದು ಹೆಸರು. ಮೊದಲು ನಡೆದದ್ದು 1988ರಲ್ಲಿ. 2011ರಲ್ಲಿ ಪ್ರೊಫೆಸರ್ ಆಲಿಸನ್ ವುಲ್ಫ್ ಕೊಟ್ಟ ವರದಿಯ ಪ್ರಕಾರ ಇಂಗ್ಲಿಷ್ ಮತ್ತು ಗಣಿತ ಎರಡರಲ್ಲೂ ಉತ್ತಮ ದರ್ಜೆ ಪಡೆದವರು ಅರ್ಧಕ್ಕಿಂತ ಕಡಿಮೆ, ಹದಿನೆಂಟಾದರೂ ಅಷ್ಟೇ. ಪಡೆಯದವರು ಕಲಿಕೆ ಮುಂದುವರಿಸಬೇಕೆಂದು ಅವರು ಸೂಚಿಸಿದರು. ಸದುದ್ದೇಶದ ಸೂಚನೆ. 2014ರಿಂದ ಸರಕಾರ ಅದನ್ನು ಕಾಲೇಜಿನ ಹಣಕ್ಕೆ ಕಟ್ಟಿತು. 2015ರಿಂದ ಸ್ವಲ್ಪದರಲ್ಲಿ ತಪ್ಪಿಸಿಕೊಂಡವರು ಅದೇ ಜಿಸಿಎಸ್ಇಯನ್ನೇ ಮತ್ತೆ ಬರೆಯಬೇಕೆಂದಾಯಿತು. ಬಡಗಿ ಕೆಲಸ ಕಲಿಯಲು ಬಂದ ಹುಡುಗನೂ, ಕ್ಷೌರ ಕಲಿಯಲು ಬಂದ ಹುಡುಗಿಯೂ ಅದೇ ಪ್ರಶ್ನೆಪತ್ರಿಕೆಯ ಮುಂದೆ ಮತ್ತೆ ಕೂರಬೇಕು. 2024ರ ಬೇಸಿಗೆಯಲ್ಲಿ ಹದಿನೇಳು ಮತ್ತು ಮೇಲ್ಪಟ್ಟವರಲ್ಲಿ ಗಣಿತ ಪಾಸಾದವರು ಶೇ. 17.4, ಇಂಗ್ಲಿಷ್ ಪಾಸಾದವರು ಶೇ. 20.9. ಸುಮಾರು ಐವರಲ್ಲಿ ನಾಲ್ವರು ಮತ್ತೊಮ್ಮೆ ನಪಾಸು.

ಇನ್ನೊಂದು ಸಂಗತಿ ಸಾಮಾನ್ಯರ ಕಣ್ಣಿಗೆ ಬೀಳುವುದಿಲ್ಲ. ದರ್ಜೆಗಳು ವರ್ಷದಿಂದ ವರ್ಷಕ್ಕೆ ಸುಮ್ಮನೆ ಉಬ್ಬದಂತೆ ಪರೀಕ್ಷಾ ನಿಯಂತ್ರಕ ಸಂಸ್ಥೆ ಆಫ್‌ಕ್ವಾಲ್ ಒಂದು ವಿಧಾನ ಬಳಸುತ್ತದೆ: ಈ ತಂಡದ ಮಕ್ಕಳು ಪ್ರಾಥಮಿಕ ಶಾಲೆಯ ಕೊನೆಯಲ್ಲಿ ಹಿಂದಿನವರಂತೆಯೇ ಇದ್ದರೆ, ಈಗಿನ ಫಲಿತಾಂಶವೂ ಹೆಚ್ಚುಕಡಿಮೆ ಹಿಂದಿನಂತೆಯೇ ಇರಬೇಕು. ಇದು ಕೋಟಾ ಅಲ್ಲ ಎನ್ನುತ್ತದೆ ಸಂಸ್ಥೆ. ನಿಜ, ಸುಧಾರಣೆಯನ್ನು ಅಳೆಯಲು 2017ರಿಂದ ಪ್ರತ್ಯೇಕ ಪರೀಕ್ಷೆಯೂ ಇದೆ. ಆದರೂ ಎರಡೂ ವಿಷಯಗಳಲ್ಲಿ ಪಾಸಿನ ಗೆರೆ ದಾಟದವರು ಸುಮಾರು ಮೂರನೇ ಒಂದು ಪಾಲು. ಶಾಲಾ ಮುಖ್ಯಸ್ಥರ ಸಂಘ 2019ರಲ್ಲಿ ತನ್ನ ಆಯೋಗದ ವರದಿಗೆ 'ಮರೆತುಹೋದ ಮೂರನೇ ಒಂದು ಪಾಲು' ಎಂದೇ ಹೆಸರಿಟ್ಟಿತು. ಹನ್ನೆರಡು ವರ್ಷ ಶಾಲೆಯಲ್ಲಿ ಕುಳಿತ ಈ ಮಕ್ಕಳಿಗೆ ಏನೂ ಬರುವುದಿಲ್ಲವೇ? ಖಂಡಿತ ಬರುತ್ತದೆ. ಆದರೆ ಅವರಿಗೆ ಏನು ಬರುತ್ತದೆ ಎಂದು ಹೇಳುವ ಸಾಲು ಆ ಅಂಕಪಟ್ಟಿಯಲ್ಲಿಲ್ಲ; ಏನು ಬರಲಿಲ್ಲ ಎಂಬುದಷ್ಟೇ ಉದ್ಯೋಗದಾತನಿಗೆ ಕಾಣುತ್ತದೆ.

2025ರ ಫೆಬ್ರವರಿಯಲ್ಲಿ ಅಲ್ಲಿನ ಸರಕಾರ ಹತ್ತೊಂಬತ್ತು ದಾಟಿದ ಅಪ್ರೆಂಟಿಸ್‌ಗಳಿಗೆ ಇಂಗ್ಲಿಷ್, ಗಣಿತದ ಪಾಸು ಕಡ್ಡಾಯವಲ್ಲ, ಮಾಲೀಕರೇ ತೀರ್ಮಾನಿಸಲಿ ಎಂದಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ, ತೀರಾ ಕಡಿಮೆ ದರ್ಜೆ ಬಂದವರನ್ನು ನೇರವಾಗಿ ಮರುಪರೀಕ್ಷೆಗೆ ತಳ್ಳದೆ, ನಡುವೆ ಮೆಟ್ಟಿಲಿನಂತಹ ಹೊಸ ಅರ್ಹತೆಯೊಂದನ್ನು ತರುವ ಪ್ರಸ್ತಾವ ಮುಂದಿಟ್ಟಿತು. ಆ ಮೆಟ್ಟಿಲಿಗೂ ಒಂದು ಪರೀಕ್ಷೆ ಇರುತ್ತದೆ, ಆ ಪರೀಕ್ಷೆಗೂ ಒಂದು ಶೇಕಡಾವಾರು ಬರುತ್ತದೆ. ಅದನ್ನು ಕಾಲೇಜಿನ ಹಣಕ್ಕೆ ಎಷ್ಟು ಬಿಗಿಯಾಗಿ ಕಟ್ಟುತ್ತಾರೆ ಎಂಬುದನ್ನು ನಾವು ಗಮನಿಸುತ್ತಿರಬೇಕು.